ಕೊಳೆಯುವ ಮೊದಲೇ ಹಿಡಿಯಬೇಕು: ಕಡಲಕಳೆಯಿಂದ ಆಲ್ಜಿನೇಟ್ ತೆಗೆದ ನನ್ನ ಅನುಭವ

ದಡಕ್ಕೆ ಬಂದು ಬಿದ್ದ ಕಡಲಕಳೆಯಿಂದ ಆಲ್ಜಿನೇಟ್ ಎಂಬ ಪಾಲಿಮರ್, ಅಂದರೆ ಸಣ್ಣ ಘಟಕಗಳು ಸರಪಳಿಯಂತೆ ಕೂಡಿದ ಅಂಟು ಪದಾರ್ಥ, ತೆಗೆಯುತ್ತೇನೆ ಎಂದಾಗಲೆಲ್ಲ ಎದುರಾಗುವ ಪ್ರಶ್ನೆ ಒಂದೇ: ನೂರು ಗ್ರಾಂಗೆ ಎಷ್ಟು ಸಿಗುತ್ತದೆ? ನಾನು ಕೇಳಿಕೊಳ್ಳುವುದು ಬೇರೆ: ಆ ರಾಶಿ ದಡದಲ್ಲಿ ಬಿದ್ದು ಎಷ್ಟು ಹೊತ್ತಾಯಿತು? ಕಳೆ ಕೊಳೆಯತೊಡಗಿದರೆ ಬ್ಯಾಕ್ಟೀರಿಯಾಗಳ ಕಿಣ್ವಗಳು ಆಲ್ಜಿನೇಟ್‌ನ ಉದ್ದನೆಯ ಸರಪಳಿಗಳನ್ನು ತುಂಡರಿಸುತ್ತವೆ. ಆಗ ತೂಕ ಸಿಕ್ಕರೂ ಸಿಗಬಹುದು, ಆದರೆ ದ್ರಾವಣ ನೀರು ನೀರಾಗಿರುತ್ತದೆ, ಅದರಿಂದ ಮಾಡಿದ ಹಾಳೆ ಮುಟ್ಟಿದರೆ ಮುರಿಯುತ್ತದೆ. ಕೊಳೆತ ಮೊಟ್ಟೆಯ ವಾಸನೆ, ಅಂದರೆ ಹೈಡ್ರೋಜನ್ ಸಲ್ಫೈಡ್, ಬರತೊಡಗಿದ ರಾಶಿಯನ್ನು ನಾನು ಮುಟ್ಟುವುದೇ ಇಲ್ಲ.

ನನ್ನ ಕೆಲಸ ಕಂದು ಕಳೆಗಳ ಮೇಲೆ, ಹೆಚ್ಚಾಗಿ ಸಾರ್ಗಾಸಮ್ ಮೇಲೆ. ಕೆಂಪು ಕಳೆಗಳಿಂದ ಅಗರ್ ಮತ್ತು ಕ್ಯಾರಗೀನನ್ ಎಂಬ ಬೇರೆ ಪಾಲಿಮರ್‌ಗಳು ಸಿಗುತ್ತವೆ. ಅವುಗಳ ದಾರಿಯೇ ಬೇರೆ. ಸಾರ್ಗಾಸಮ್‌ಗೆ ಬರವಿಲ್ಲ. 2011ರಿಂದೀಚೆಗೆ ಅಟ್ಲಾಂಟಿಕ್‌ನ ಉಷ್ಣವಲಯದಲ್ಲಿ ಅದು ಹುಲುಸಾಗಿ ಬೆಳೆದು ಕೆರಿಬಿಯನ್ ದಡಗಳನ್ನು ಮುಚ್ಚುತ್ತಿರುವುದು ಗೊತ್ತಿರುವ ಸಂಗತಿ.

ಹಸಿ ಕಳೆಯಲ್ಲಿ ಶೇ 80ಕ್ಕೂ ಹೆಚ್ಚು ನೀರು. ಹಾಗಾಗಿ ಮೊದಲು ಮರಳು, ಚಿಪ್ಪು, ಪ್ಲಾಸ್ಟಿಕ್ ದಾರಗಳನ್ನು ಆರಿಸಿ, ಸಿಹಿನೀರಿನಲ್ಲಿ ತೊಳೆದು, ತೆಳ್ಳಗೆ ಹರಡಿ ಒಣಗಿಸಿ ಪುಡಿ ಮಾಡುತ್ತೇನೆ. ಇದು ಬೇಸರದ ಕೆಲಸ, ಆದರೆ ಉಳಿದ ಮರಳು ಮುಂದೆ ಸೋಸುವಾಗ ಕಾಟ ಕೊಡುತ್ತದೆ.

ಜೀವಕೋಶದ ಗೋಡೆಯಲ್ಲಿ ಆಲ್ಜಿನೇಟ್ ಕ್ಯಾಲ್ಸಿಯಂ, ಮೆಗ್ನೀಸಿಯಂಗಳ ಜೊತೆ ಕಟ್ಟಿಕೊಂಡಿರುತ್ತದೆ. ಆ ಗಂಟು ಬಿಚ್ಚಲು ಪುಡಿಯನ್ನು ಸುಮಾರು 0.1 ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ನೆನೆಸುತ್ತೇನೆ. ಆಲ್ಜಿನಿಕ್ ಆಮ್ಲ ನೀರಿನಲ್ಲಿ ಕರಗದೆ ಕಳೆಯಲ್ಲೇ ಉಳಿಯುತ್ತದೆ. ಫ್ಯೂಕಾಯ್ಡಾನ್ ಎಂಬ ಇನ್ನೊಂದು ಪಾಲಿಮರ್, ಲವಣಗಳು ಮತ್ತು ಬಣ್ಣದ ಒಂದು ಪಾಲು ಹೊರಹೋಗುತ್ತವೆ. ಇಲ್ಲಿ ಆಮ್ಲದ ಸಾಂದ್ರತೆಯನ್ನಾಗಲಿ ಸಮಯವನ್ನಾಗಲಿ ಹೆಚ್ಚಿಸುವ ಆಸೆ ಬೇಡ, ಆಮ್ಲವೂ ಸರಪಳಿಯನ್ನು ಕತ್ತರಿಸುತ್ತದೆ.

ತೊಳೆದ ಪುಡಿ ಈಗ ಶೇ 2ರಿಂದ 3ರಷ್ಟು ಸೋಡಿಯಂ ಕಾರ್ಬೊನೇಟ್ ದ್ರಾವಣಕ್ಕೆ, ಅಂದರೆ ವಾಷಿಂಗ್ ಸೋಡಾಕ್ಕೆ, ಇಳಿಯುತ್ತದೆ. 60 ಡಿಗ್ರಿ ಸೆಲ್ಸಿಯಸ್ ಸುತ್ತಮುತ್ತ ಕಲಕುತ್ತಿದ್ದರೆ ನೊರೆ ಎದ್ದು, ಸ್ವಲ್ಪ ಹೊತ್ತಿಗೆ ಇಡೀ ಪಾತ್ರೆ ಅಂಟಂಟಾದ ಕಂದು ಗಂಜಿಯಾಗುತ್ತದೆ. ಆಲ್ಜಿನಿಕ್ ಆಮ್ಲ ಕರಗಬಲ್ಲ ಸೋಡಿಯಂ ಆಲ್ಜಿನೇಟ್ ಆಗಿದ್ದರ ಗುರುತು ಅದು. ಬ್ರಿಟಿಷ್ ರಸಾಯನಶಾಸ್ತ್ರಜ್ಞ ಎಡ್ವರ್ಡ್ ಸ್ಟ್ಯಾನ್‌ಫರ್ಡ್ 1881ರಲ್ಲಿ ಪೇಟೆಂಟ್ ಪಡೆದದ್ದು ಸೋಡಾ ಬಳಸುವ ಇದೇ ತತ್ವಕ್ಕೆ. ಉಷ್ಣತೆ ಏರಿಸಿದರೆ ಬೇಗ ಕರಗುತ್ತದೆ ನಿಜ, ಸರಪಳಿಯೂ ಅಷ್ಟೇ ಬೇಗ ಸವೆಯುತ್ತದೆ.

ನಿಜವಾದ ಪರೀಕ್ಷೆ ಸೋಸುವಿಕೆಯದು. ಪುಸ್ತಕಗಳು ‘ಸೋಸಿರಿ’ ಎಂದು ಒಂದು ಪದದಲ್ಲಿ ಮುಗಿಸುತ್ತವೆ. ಸೆಲ್ಯುಲೋಸ್‌ನ ನುಣ್ಣನೆಯ ಚೂರುಗಳು ಬಟ್ಟೆಯ ರಂಧ್ರಗಳನ್ನು ಕ್ಷಣದಲ್ಲಿ ಮುಚ್ಚಿಬಿಡುತ್ತವೆ. ಮೇಲೆ ಗಂಜಿ ಕದಲದೆ ನಿಲ್ಲುತ್ತದೆ. ಹಿಂಡಿದರೆ ಚೂರುಗಳೂ ಜೊತೆಗೆ ಇಳಿಯುತ್ತವೆ. ಉಪಾಯವೆಂದರೆ ಧಾರಾಳವಾಗಿ ನೀರು ಬೆರೆಸಿ ತೆಳುವಾಗಿಸುವುದು, ಮೊದಲು ದಪ್ಪ ಜಾಲರಿ, ಆಮೇಲೆ ಬಟ್ಟೆ, ಕೊನೆಗೆ ಡಯಾಟಮ್ ಮಣ್ಣಿನ, ಅಂದರೆ ಸೂಕ್ಷ್ಮ ಪಾಚಿಗಳ ಚಿಪ್ಪಿನ ಪುಡಿಯ, ಪದರ. ಕಾರ್ಖಾನೆಗಳೂ ಈ ಮಣ್ಣನ್ನೇ ನೆಚ್ಚುತ್ತವೆ. ಈ ವಿಧಾನಕ್ಕೆ ತಗಲುವ ನೀರಿನ ಲೆಕ್ಕ ಹಾಕದೆ ‘ಪರಿಸರಸ್ನೇಹಿ’ ಎಂಬ ಚೀಟಿ ಅಂಟಿಸುವವರ ಬಗ್ಗೆ ನನಗೆ ಸ್ವಲ್ಪ ಅಸಹನೆಯಿದೆ.

ಸೋಸಿದ ದ್ರಾವಣದಿಂದ ಆಲ್ಜಿನೇಟನ್ನು ಬೇರ್ಪಡಿಸಲು ಮೂರು ದಾರಿಗಳಿವೆ. ಎಥನಾಲ್ ಸುರಿದರೆ ನೇರವಾಗಿ ಬಿಳಿಚಿದ ನಾರು ಸಿಗುತ್ತದೆ. ಸಣ್ಣ ಪ್ರಮಾಣಕ್ಕೆ ನಾನು ಆರಿಸಿಕೊಳ್ಳುವುದು ಇದನ್ನೇ. ಆಮ್ಲ ಹಾಕಿದರೆ ಲೋಳೆಯಂಥ ಮುದ್ದೆ, ಅದರ ನೀರು ಹಿಂಡುವುದು ಹರಸಾಹಸ. ಕ್ಯಾಲ್ಸಿಯಂ ಕ್ಲೋರೈಡ್ ಹಾಕಿದರೆ ಹಿಂಡಲು ಸುಲಭವಾದ ನಾರು ಬರುತ್ತದೆ, ಆದರೆ ಅದನ್ನು ಮತ್ತೆ ಆಮ್ಲದಲ್ಲಿ ತೊಳೆದು ಸೋಡಾದಿಂದ ಸೋಡಿಯಂ ರೂಪಕ್ಕೆ ತರಬೇಕು.

ಸಾರ್ಗಾಸಮ್‌ನಿಂದ ಒಣ ತೂಕದ ಶೇ 15ರಿಂದ 30ರಷ್ಟು ಆಲ್ಜಿನೇಟ್ ನಿರೀಕ್ಷಿಸಬಹುದು. ನಾನು ತೂಕಕ್ಕಿಂತ ಸ್ನಿಗ್ಧತೆಯನ್ನು, ಅಂದರೆ ದ್ರಾವಣ ಎಷ್ಟು ಮಂದವಾಗಿ ಹರಿಯುತ್ತದೆ ಎಂಬುದನ್ನು, ನಂಬುತ್ತೇನೆ. ಶೇ 1ರ ದ್ರಾವಣ ಒಂದೇ ಪಿಪೆಟ್‌ನಿಂದ, ಒಂದೇ ಉಷ್ಣತೆಯಲ್ಲಿ ಇಳಿಯಲು ಹಿಡಿಯುವ ಸಮಯ ನೋಡಿದರೆ ಯಾವ ರಾಶಿಯದು ಉದ್ದ ಸರಪಳಿ ಎಂದು ತಿಳಿಯುತ್ತದೆ.

ಇನ್ನೊಂದು ಪರೀಕ್ಷೆ ಹನಿಯದು. ಕ್ಯಾಲ್ಸಿಯಂ ಕ್ಲೋರೈಡ್ ನೀರಿಗೆ ದ್ರಾವಣದ ಹನಿ ಬಿಟ್ಟರೆ ತಕ್ಷಣ ಮಣಿಯಾಗುತ್ತದೆ. ಆಲ್ಜಿನೇಟ್ ಸರಪಳಿಯಲ್ಲಿ ಗುಲುರಾನಿಕ್, ಮ್ಯಾನುರಾನಿಕ್ ಎಂಬ ಎರಡು ಬಗೆಯ ಘಟಕಗಳಿವೆ. ಮೊಟ್ಟೆ ಇಡುವ ಟ್ರೇಯ ಗುಳಿಗಳಂತೆ ಗುಲುರಾನಿಕ್ ಆಮ್ಲದ ಘಟಕಗಳ ನಡುವೆ ಕ್ಯಾಲ್ಸಿಯಂ ಕೂರುತ್ತದೆ. ಗುಲುರಾನಿಕ್ ಹೆಚ್ಚಿದ್ದರೆ ಮಣಿ ಗಟ್ಟಿ, ಮ್ಯಾನುರಾನಿಕ್ ಹೆಚ್ಚಿದ್ದರೆ ಮೆತ್ತಗೆ. ಅದೇ ಮಣಿಯನ್ನು ಸೋಡಿಯಂ ಸಿಟ್ರೇಟ್‌ನಲ್ಲಿ ಹಾಕಿದರೆ ಕರಗುತ್ತದೆ, ಏಕೆಂದರೆ ಸಿಟ್ರೇಟ್ ಕ್ಯಾಲ್ಸಿಯಂ ಅನ್ನು ಕಸಿದುಕೊಳ್ಳುತ್ತದೆ.

ಹಾಳೆಗೆ ಶೇ 2ರ ದ್ರಾವಣದಲ್ಲಿ ಒಂದಿಷ್ಟು ಗ್ಲಿಸರಿನ್ ಬೆರೆಸಿ ತಟ್ಟೆಯಲ್ಲಿ ಒಣಗಿಸಿ, ಮೇಲೆ ಕ್ಯಾಲ್ಸಿಯಂ ದ್ರಾವಣ ಸಿಂಪಡಿಸುತ್ತೇನೆ. ಗ್ಲಿಸರಿನ್ ಇಲ್ಲದಿದ್ದರೆ ಮಡಚಿದಲ್ಲೇ ಸೀಳುತ್ತದೆ. ಎಣ್ಣೆಯನ್ನು ಅದು ಚೆನ್ನಾಗಿ ತಡೆಯುತ್ತದೆ, ತೇವವನ್ನು ತಡೆಯುವುದಿಲ್ಲ. ಪ್ಲಾಸ್ಟಿಕ್ ಚೀಲಕ್ಕೆ ಬದಲಿ ಎಂದು ಯಾರಿಗೂ ನಾನು ಹೇಳಿಲ್ಲ. ಗೊಬ್ಬರಕ್ಕೆ ಹೊದಿಕೆ, ಬೀಜಗಳಿಗೆ ಲೇಪನ, ಮಣ್ಣಿನಲ್ಲಿ ಕರಗಿಹೋಗುವ ಸಸಿ ಬಟ್ಟಲು, ಇಂಥ ಕಡೆ ಅದು ಸಲ್ಲುತ್ತದೆ. ಸಾರ್ಗಾಸಮ್ ಆರ್ಸೆನಿಕ್ ಹೀರಿಕೊಳ್ಳುವುದರಿಂದ, ಆಹಾರಕ್ಕಾಗಲಿ ಗಾಯದ ಪಟ್ಟಿಗಾಗಲಿ ಪ್ರಯೋಗಾಲಯದ ಪರೀಕ್ಷೆಯಿಲ್ಲದೆ ಕೊಡುವುದಿಲ್ಲ. ಉಳಿದ ಹಿಂಡಿಯನ್ನು ಗೊಬ್ಬರದ ಗುಂಡಿಗೆ ಸೇರಿಸುವ ಮೊದಲೂ ಅದೇ ಪರೀಕ್ಷೆ, ಜೊತೆಗೆ ಉಪ್ಪಿನಂಶದ್ದೂ.