ಸರಂಧ್ರ ವಸ್ತುವನ್ನು ಆರಿಸಿ ಪರೀಕ್ಷಿಸುವ ಕ್ರಮ

ಅಧಿಶೋಷಕಕ್ಕಾಗಲಿ (ಅಣುಗಳನ್ನು ತನ್ನ ಮೇಲ್ಮೈಯಲ್ಲಿ ಹಿಡಿದುಕೊಳ್ಳುವ ವಸ್ತು) ಕ್ರಿಯಾವರ್ಧಕಕ್ಕಾಗಲಿ (ತಾನು ಖರ್ಚಾಗದೆ ರಾಸಾಯನಿಕ ಕ್ರಿಯೆಯ ವೇಗ ಹೆಚ್ಚಿಸುವ ವಸ್ತು) ಸರಂಧ್ರ, ಅಂದರೆ ಒಳಗೆಲ್ಲ ಸಣ್ಣ ರಂಧ್ರಗಳಿರುವ, ವಸ್ತುವೊಂದನ್ನು ಹುಡುಕುವವರು ಸಾಮಾನ್ಯವಾಗಿ ಮೊದಲು ನೋಡುವುದು ಒಂದು ಗ್ರಾಂಗೆ ಎಷ್ಟು ಚದರ ಮೀಟರ್ ಮೇಲ್ಮೈ ಇದೆ ಎಂಬ ಅಂಕಿಯನ್ನು. ಆಯ್ಕೆಯನ್ನು ಅಲ್ಲಿಂದ ಆರಂಭಿಸಬಾರದು. ಹಿಡಿಯಬೇಕಾದ ಅಣುವಿನ ಗಾತ್ರವೇನು, ಅದರ ಜೊತೆಯಲ್ಲಿ ನೀರು ಇದೆಯೇ, ಹಿಡಿದದ್ದನ್ನು ಬಿಡಿಸಲು ಎಷ್ಟು ಶಾಖ ಬೇಕು ಎಂಬುದನ್ನು ಮೊದಲು ಬರೆದಿಟ್ಟುಕೊಳ್ಳಿ.

2 ನ್ಯಾನೊಮೀಟರಿಗಿಂತ ಕಿರಿದಾದವು ಸೂಕ್ಷ್ಮರಂಧ್ರಗಳು, 2ರಿಂದ 50ರವರೆಗಿನವು ಮಧ್ಯಮ ರಂಧ್ರಗಳು, ಅದಕ್ಕೂ ದೊಡ್ಡವು ಸ್ಥೂಲರಂಧ್ರಗಳು. ಜಿಯೋಲೈಟುಗಳು ಅಲ್ಯುಮಿನಿಯಂ, ಸಿಲಿಕಾನ್, ಆಮ್ಲಜನಕಗಳಿಂದಾದ ಸರಂಧ್ರ ಹರಳುಗಳು. ಜಿಯೋಲೈಟ್ 4ಎ ವಸ್ತುವಿನ ದ್ವಾರ ಸುಮಾರು 0.4 ನ್ಯಾನೊಮೀಟರ್ ಅಗಲವಿರುವುದರಿಂದ ನೀರಿನ ಅಣು ಅದರೊಳಗೆ ಸುಲಭವಾಗಿ ಹೋಗುತ್ತದೆ; ಮಿಥಿಲೀನ್ ನೀಲಿಯಂಥ ಬಣ್ಣದ ಅಣು ಹೊರಗೇ ಉಳಿಯುತ್ತದೆ, ಒಳಗಿನ ಮೇಲ್ಮೈ ಎಷ್ಟಿದ್ದರೂ ಅದಕ್ಕೆ ಒದಗುವುದಿಲ್ಲ. ಅಂಥ ಅಣುಗಳಿಗೆ ಮಧ್ಯಮ ರಂಧ್ರಗಳೂ ಇರುವ ಸಕ್ರಿಯ ಇಂಗಾಲ (ರಂಧ್ರಗಳಾಗುವಂತೆ ಸಂಸ್ಕರಿಸಿದ ಇದ್ದಿಲು) ಸೂಕ್ತ. ಜಿಯೋಲೈಟ್ 13ಎಕ್ಸ್ ಒಣ ಅನಿಲದಿಂದ ಇಂಗಾಲದ ಡೈಆಕ್ಸೈಡನ್ನು ಚೆನ್ನಾಗಿ ಹಿಡಿದರೂ ತೇವವಿದ್ದಲ್ಲಿ ಮೊದಲು ನೀರನ್ನೇ ತುಂಬಿಕೊಳ್ಳುತ್ತದೆ. ಲೋಹದ ಗಂಟುಗಳನ್ನು ಸಾವಯವ ಅಣುಗಳು ಜೋಡಿಸಿ ಆದ ಲೋಹ-ಸಾವಯವ ಚೌಕಟ್ಟುಗಳಲ್ಲಿ ಎಂಒಎಫ್-5 ತೇವಕ್ಕೆ ಕುಸಿಯುತ್ತದೆ, ಜಿರ್ಕೋನಿಯಂ ಆಧಾರಿತ ಯುಐಒ-66 ನೀರಿನಲ್ಲೂ ಬಾಳುತ್ತದೆ.

ವಸ್ತುವನ್ನು ತೂಗುವ ಮೊದಲು ನಿರ್ವಾತದಲ್ಲಿ ಕಾಯಿಸಿ ರಂಧ್ರಗಳನ್ನು ಖಾಲಿ ಮಾಡಬೇಕು: ಜಿಯೋಲೈಟುಗಳಿಗೆ ಸುಮಾರು 300 ಡಿಗ್ರಿ ಸೆಲ್ಸಿಯಸ್ ಸಾಕು, ಚೌಕಟ್ಟುಗಳಿಗೆ ಅವುಗಳ ತಾಳಿಕೆ ನೋಡಿ ಕಡಿಮೆ ಶಾಖ ಕೊಡಿ. ಮೇಲ್ಮೈಯನ್ನು 77 ಕೆಲ್ವಿನ್ (ಸುಮಾರು ಮೈನಸ್ 196 ಡಿಗ್ರಿ ಸೆಲ್ಸಿಯಸ್) ತಾಪದಲ್ಲಿ ನೈಟ್ರೋಜನ್ ಹೀರಿಸಿ ಅಳೆಯುತ್ತಾರೆ. 1938ರಲ್ಲಿ ಬ್ರುನೌರ್, ಎಮೆಟ್, ಟೆಲ್ಲರ್ ಎಂಬ ವಿಜ್ಞಾನಿಗಳು ರೂಪಿಸಿದ ಲೆಕ್ಕವು ಹೀರಿದ ಅನಿಲದ ಅಣುಗಳು ಪದರದ ಮೇಲೆ ಪದರವಾಗಿ ಕೂಡುವುದನ್ನು ಊಹಿಸಿಕೊಳ್ಳುತ್ತದೆ. ಸೂಕ್ಷ್ಮರಂಧ್ರಗಳಲ್ಲಿ ಹಾಗಾಗುವುದಿಲ್ಲವಾದ್ದರಿಂದ ಅದರ ಉತ್ತರವನ್ನು ಹೋಲಿಕೆಗಷ್ಟೇ ಬಳಸಿ.

ದ್ರಾವಣದ ಪರೀಕ್ಷೆಯಲ್ಲಿ ಅಧಿಶೋಷಕವಿಲ್ಲದ ಒಂದು ಪಾತ್ರೆಯನ್ನೂ ಜೊತೆಗಿಡಿ, ಏಕೆಂದರೆ ಪಾತ್ರೆಯ ಗೋಡೆಯೂ ಬಣ್ಣ ಹಿಡಿಯಬಲ್ಲದು. ಶೇಕಡಾ ಎಷ್ಟು ತೆಗೆಯಿತು ಎಂಬ ಒಂದೇ ಅಂಕಿಯನ್ನು ನಂಬಬೇಡಿ. ಪುಡಿ ಹೆಚ್ಚು ಹಾಕಿದರೆ ಅದು ತಾನಾಗಿಯೇ ಏರುತ್ತದೆ. ಬೇರೆ ಬೇರೆ ಸಾಂದ್ರತೆಗಳಲ್ಲಿ ಸಮತೋಲ ಬರುವವರೆಗೆ, ಅಂದರೆ ದ್ರಾವಣದ ಸಾಂದ್ರತೆ ಬದಲಾಗುವುದು ನಿಲ್ಲುವವರೆಗೆ, ಕಾದು, ದ್ರಾವಣದಲ್ಲಿ ಉಳಿದ ಸಾಂದ್ರತೆಗೆದುರಾಗಿ ಪ್ರತಿ ಗ್ರಾಂ ಹಿಡಿದ ಮೊತ್ತವನ್ನು ರೇಖೆಯಾಗಿ ಎಳೆಯಿರಿ.

ಕ್ರಿಯಾವರ್ಧಕವಾದರೆ, ಕ್ರಿಯೆಯ ನಡುವೆ ಬಿಸಿಯಾಗಿರುವಾಗಲೇ ಘನವನ್ನು ಸೋಸಿ ತೆಗೆಯಿರಿ. ಸೋಸಿದ ದ್ರವದಲ್ಲಿ ಕ್ರಿಯೆ ಮುಂದುವರಿದರೆ ಕ್ರಿಯಾವರ್ಧಕದಲ್ಲಿದ್ದ ಲೋಹ ಕರಗಿ ಹೊರಬಂದಿರುವ ಸಾಧ್ಯತೆಯೇ ಹೆಚ್ಚು. ಕಣಗಳನ್ನು ಇನ್ನಷ್ಟು ನುಣ್ಣಗೆ ಪುಡಿ ಮಾಡಿದಾಗ ವೇಗ ಏರಿದರೆ, ಅಣುಗಳು ರಂಧ್ರದೊಳಗೆ ಸಾಗುವ ನಿಧಾನವೇ ಅಡ್ಡಿಯಾಗಿತ್ತು ಎಂದು ತಿಳಿಯಿರಿ. ಮರುಬಳಕೆಯನ್ನು ಅಂತಿಮ ಇಳುವರಿಯಿಂದ ಅಳೆಯಬೇಡಿ. ಅರ್ಧ ಶಕ್ತಿ ಕಳೆದುಕೊಂಡ ವಸ್ತುವೂ ಸಾಕಷ್ಟು ಸಮಯ ಸಿಕ್ಕರೆ ಪೂರ್ಣ ಇಳುವರಿ ಕೊಡುತ್ತದೆ. ಪ್ರತಿ ಸುತ್ತಿನ ಆರಂಭದ ವೇಗವನ್ನೇ ಹೋಲಿಸಿ.

ಸುಸ್ಥಿರತೆ ನಿರ್ಧಾರವಾಗುವುದು ಪುನಶ್ಚೇತನದ (ಹಿಡಿದದ್ದನ್ನು ಹೊರಹಾಕಿ ವಸ್ತುವನ್ನು ಮತ್ತೆ ಬಳಸಲು ಸಿದ್ಧಪಡಿಸುವ) ಹಂತದಲ್ಲಿ ಎಂಬುದು ನನ್ನ ದೃಢ ಅಭಿಪ್ರಾಯ. ಜಿಯೋಲೈಟಿನಲ್ಲಿ ಕೂತ ಮಸಿಯನ್ನು ಗಾಳಿಯಲ್ಲಿ ಸುಡಬಹುದು, ಇಂಗಾಲವನ್ನು ಹಾಗೆ ಮಾಡಿದರೆ ಅದೇ ಉರಿದುಹೋಗುತ್ತದೆ. ಆದ್ದರಿಂದ ಗರಿಷ್ಠ ಸಾಮರ್ಥ್ಯದ ಬದಲು, ಹಿಡಿದ ಮೊತ್ತದಿಂದ ಪುನಶ್ಚೇತನದ ನಂತರವೂ ಒಳಗುಳಿದದ್ದನ್ನು ಕಳೆದು, ಅದನ್ನು ಪ್ರತಿ ಸುತ್ತಿಗೆ ಖರ್ಚಾದ ಶಕ್ತಿಯ ಪಕ್ಕದಲ್ಲಿ ದಾಖಲಿಸಿ.