ಅಂಕವೂ ಬೇಕು, ಆದಾಯ ಪತ್ರವೂ ಬೇಕು: ಪಿಯುಸಿ ನಂತರದ ವಿದ್ಯಾರ್ಥಿವೇತನ ಪಡೆಯುವುದು ಹೇಗೆ?

ಬಿ.ಎ. ಮೊದಲ ವರ್ಷಕ್ಕೆ ಸೇರಿದ್ದ ಹುಡುಗಿಯೊಬ್ಬಳು ನಮ್ಮ ಕಾಲೇಜಿನ ಆಫೀಸಿನ ಕಿಟಕಿ ಮುಂದೆ ನಿಂತಿದ್ದಳು. ಬಸ್‌ಪಾಸಿಗೆ ಬೋನಫೈಡ್ ಬೇಕಿತ್ತಂತೆ. ಕೈಯಲ್ಲಿದ್ದ ದ್ವಿತೀಯ ಪಿಯುಸಿ ಅಂಕಪಟ್ಟಿಯ ಮೇಲೆ ಕಣ್ಣು ಬಿತ್ತು: ಕಲಾ ವಿಭಾಗ, 600ಕ್ಕೆ 531. ‘ಸೆಂಟ್ರಲ್ ಸ್ಕಾಲರ್‌ಶಿಪ್‌ಗೆ ಹಾಕಿದ್ದೀಯೇನಮ್ಮ?’ ಎಂದೆ. ‘ಅದು ಸೈನ್ಸ್‌ನವರಿಗಲ್ವಾ ಮೇಡಂ, ತೊಂಬತ್ತೈದರ ಮೇಲೆ ಬಂದೋರಿಗೆ’ ಎಂದಳು. ಕೊನೆಯ ದಿನಕ್ಕೆ ಇನ್ನು ಹನ್ನೊಂದು ದಿನ ಉಳಿದಿತ್ತು.

ಈ ಮಾತನ್ನು ಪ್ರತಿವರ್ಷ ಕೇಳುತ್ತೇನೆ. ಹಳ್ಳಿಯಿಂದ ಬರುವ, ಚೆನ್ನಾಗಿ ಓದುವ ಮಕ್ಕಳು ತಮಗೆ ತಾವೇ ‘ನನಗೆ ಸಿಗಲ್ಲ’ ಎಂದು ತೀರ್ಪು ಕೊಟ್ಟುಕೊಂಡು ಅರ್ಜಿಯನ್ನೇ ಹಾಕುವುದಿಲ್ಲ. ಪ್ರತಿಭೆ ಮತ್ತು ಮನೆಯ ಆರ್ಥಿಕ ಸ್ಥಿತಿ ಎರಡನ್ನೂ ನೋಡುವ ವಿದ್ಯಾರ್ಥಿವೇತನ ಹೇಗೆ ನಡೆಯುತ್ತದೆ ಎಂಬುದು ಒಮ್ಮೆ ತಿಳಿದರೆ ಈ ತಪ್ಪು ಆಗುವುದಿಲ್ಲ. ಅದಕ್ಕೆ ಕೇಂದ್ರ ಶಿಕ್ಷಣ ಸಚಿವಾಲಯದ ಯೋಜನೆಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಪಿಎಂ-ಯುಎಸ್‌ಪಿ (ಪ್ರಧಾನಮಂತ್ರಿ ಉಚ್ಚತರ ಶಿಕ್ಷಾ ಪ್ರೋತ್ಸಾಹನ್) ಹೆಸರಿನಡಿ ನಡೆಯುವ ಇದನ್ನು ಕಾಲೇಜುಗಳಲ್ಲಿ ಈಗಲೂ ‘ಸೆಂಟ್ರಲ್ ಸೆಕ್ಟರ್ ಸ್ಕಾಲರ್‌ಶಿಪ್’ ಎಂದೇ ಕರೆಯುತ್ತಾರೆ. ದೇಶಕ್ಕೆಲ್ಲ ಸೇರಿ ವರ್ಷಕ್ಕೆ 82,000 ಹೊಸ ವಿದ್ಯಾರ್ಥಿಗಳಿಗೆ ಸಿಗುತ್ತದೆ. ಅದರಲ್ಲಿ ಅರ್ಧ ಹುಡುಗಿಯರಿಗೆ ಮೀಸಲು.

ಮೊದಲು ಜರಡಿಗಳನ್ನು ಅರ್ಥ ಮಾಡಿಕೊಳ್ಳಿ

ಇಲ್ಲಿ ಜರಡಿ ಎರಡು. ಒಂದು ಅಂಕದ್ದು, ಇನ್ನೊಂದು ಆದಾಯದ್ದು.

ಅಂಕದ ಜರಡಿಯ ಅಳತೆ 80ನೇ ಪರ್ಸೆಂಟೈಲ್. ಇದನ್ನು ಶೇ 80 ಎಂದು ಓದಿಕೊಂಡು ಮೋಸಹೋಗುವವರೇ ಹೆಚ್ಚು. ಪರ್ಸೆಂಟೈಲ್ ಎಂದರೆ ಸಾಲಿನಲ್ಲಿ ನಿಮ್ಮ ಜಾಗ. ನಿಮ್ಮ ಮಂಡಳಿಯಲ್ಲಿ, ನಿಮ್ಮದೇ ವಿಭಾಗದಲ್ಲಿ ಪಾಸಾದವರನ್ನೆಲ್ಲ ಅಂಕದ ಪ್ರಕಾರ ಸಾಲಾಗಿ ನಿಲ್ಲಿಸಿ. ಸಾವಿರ ಜನ ಪಾಸಾಗಿದ್ದರೆ ಮೇಲಿನ ಸುಮಾರು ಇನ್ನೂರು ಜನ ಈ ಜರಡಿ ದಾಟಿದರು. ಆ ಗೆರೆ ಬೀಳುವ ಅಂಕ ವಿಜ್ಞಾನಕ್ಕೆ ಬೇರೆ, ವಾಣಿಜ್ಯಕ್ಕೆ ಬೇರೆ, ಕಲೆಗೆ ಬೇರೆ. ಕಲಾ ವಿಭಾಗದ ಹುಡುಗಿ ವಿಜ್ಞಾನದ ಹುಡುಗನ ಅಂಕ ನೋಡಿ ಹೆದರಬೇಕಾಗಿಲ್ಲ, ಅವನು ಅವಳ ಸಾಲಿನಲ್ಲೇ ಇಲ್ಲ. ಒಂದು ಮಂಡಳಿಗೆ ಬಂದ ಸ್ಥಾನಗಳನ್ನೂ ವಿಜ್ಞಾನ, ವಾಣಿಜ್ಯ, ಕಲೆಗೆ 3:2:1ರ ಪ್ರಮಾಣದಲ್ಲೇ ಹಂಚುತ್ತಾರೆ. 600 ಸ್ಥಾನ ಬಂದವೆಂದು ಇಟ್ಟುಕೊಂಡರೆ ವಿಜ್ಞಾನಕ್ಕೆ 300, ವಾಣಿಜ್ಯಕ್ಕೆ 200, ಕಲೆಗೆ 100. ಇದರೊಳಗೆ ಪರಿಶಿಷ್ಟ ಜಾತಿಗೆ ಶೇ 15, ಪರಿಶಿಷ್ಟ ಪಂಗಡಕ್ಕೆ ಶೇ 7.5, ಹಿಂದುಳಿದ ವರ್ಗಕ್ಕೆ ಶೇ 27 ಮೀಸಲಾತಿ ಇದೆ.

ಆದಾಯದ ಜರಡಿ ಸರಳ: ಕುಟುಂಬದ ಒಟ್ಟು ವಾರ್ಷಿಕ ಆದಾಯ 4.5 ಲಕ್ಷ ರೂಪಾಯಿ ಮೀರಬಾರದು. ಆದರೆ ಇಲ್ಲೊಂದು ಸೂಕ್ಷ್ಮವಿದೆ. ಮಿತಿಯೊಳಗೆ ಬಂದಮೇಲೆ ಒಂದು ಲಕ್ಷದ ಮನೆ, ನಾಲ್ಕು ಲಕ್ಷದ ಮನೆ ಎಂಬ ಭೇದವಿಲ್ಲ. ಅಲ್ಲಿಂದ ಮುಂದೆ ಸ್ಥಾನ ಕೊಡಿಸುವುದು ಅಂಕವೇ. ಅರ್ಹರು ಹೆಚ್ಚಿದ್ದು ಸ್ಥಾನ ಕಡಿಮೆಯಿದ್ದರೆ ಹೆಚ್ಚು ಅಂಕದವರು ಮುಂದೆ. ಹಾಗಾಗಿ ಕಟ್‌ಆಫ್ ದಾಟಿದ ಮಾತ್ರಕ್ಕೆ ಹಣ ಖಾತ್ರಿಯಾಯಿತು ಎಂದುಕೊಳ್ಳಬೇಡಿ.

ಐಐಟಿಗಳ ರೀತಿ ಬೇರೆ. ಅಲ್ಲಿ ಪ್ರವೇಶ ಕೊಡಿಸುವುದು ರ್‍ಯಾಂಕ್, ಒಳಗೆ ಹೋದಮೇಲೆ ಬೋಧನಾ ಶುಲ್ಕ ಎಷ್ಟೆಂದು ತೀರ್ಮಾನಿಸುವುದು ಆದಾಯ. ಒಂದು ಲಕ್ಷದೊಳಗಿನ ಕುಟುಂಬದವರಿಗೆ ಪೂರ್ತಿ ಮನ್ನಾ, ಒಂದರಿಂದ ಐದು ಲಕ್ಷದವರಿಗೆ ಮೂರರಲ್ಲಿ ಎರಡು ಭಾಗ ಮನ್ನಾ. ಯಾವುದೇ ವಿದ್ಯಾರ್ಥಿವೇತನದ ಪ್ರಕಟಣೆ ಕಂಡರೂ ಅದರಲ್ಲಿ ಅಂಕ ಯಾವ ಕೆಲಸ ಮಾಡುತ್ತದೆ, ಆದಾಯ ಯಾವ ಕೆಲಸ ಮಾಡುತ್ತದೆ ಎಂದು ಹೀಗೆ ಬಿಡಿಸಿ ನೋಡಿ.

ಲೆಕ್ಕ ಹಾಕಿ, ಆಮೇಲೆ ಆರಿಸಿ

ಸೆಂಟ್ರಲ್ ಸ್ಕಾಲರ್‌ಶಿಪ್‌ನಲ್ಲಿ ಪದವಿಯ ಮೊದಲ ಮೂರು ವರ್ಷ ವರ್ಷಕ್ಕೆ 12,000 ರೂಪಾಯಿ, ಸ್ನಾತಕೋತ್ತರದಲ್ಲಿ 20,000. ಎಂಜಿನಿಯರಿಂಗ್‌ನಂಥ ವೃತ್ತಿಪರ ಕೋರ್ಸ್ ಆದರೆ ನಾಲ್ಕನೇ ವರ್ಷದಿಂದಲೇ 20,000. ಆದರೆ ಇದನ್ನು ಪಡೆಯುವವರು ರಾಜ್ಯದ್ದೂ ಸೇರಿ ಬೇರೆ ವಿದ್ಯಾರ್ಥಿವೇತನ ಅಥವಾ ಶುಲ್ಕ ಮರುಪಾವತಿ ಪಡೆಯುವಂತಿಲ್ಲ.

ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ವಿದ್ಯಾರ್ಥಿಗಳಿಗೆ ನಮ್ಮ ರಾಜ್ಯದ ವಿದ್ಯಾಸಿರಿಯಲ್ಲಿ ತಿಂಗಳಿಗೆ 1,500ರಂತೆ ಹತ್ತು ತಿಂಗಳು, ಅಂದರೆ 15,000 ಬರುತ್ತದೆ. ಈ ಒಂದು ವರ್ಷಕ್ಕೆ ನೋಡಿದರೆ ವಿದ್ಯಾಸಿರಿಯೇ ಹೆಚ್ಚು. ಎಂ.ಎ., ಎಂ.ಎಸ್ಸಿ.ವರೆಗೆ ಓದುವ ಮನಸ್ಸಿದ್ದರೆ ಕೇಂದ್ರದ್ದು ಐದು ವರ್ಷಕ್ಕೆ 76,000 ಆಗುತ್ತದೆ. ಅಪ್ಪ ಅಮ್ಮನ ಜೊತೆ ಒಂದು ಸಂಜೆ ಕೂತು ಕಾಗದದ ಮೇಲೆ ಬರೆದು ತೀರ್ಮಾನಿಸಿ. ಸೈಬರ್ ಸೆಂಟರಿನವರು ‘ಎರಡಕ್ಕೂ ಹಾಕಿಬಿಡೋಣ’ ಎಂದರೆ ಒಪ್ಪಬೇಡಿ. ಮುಂದೆ ಪರಿಶೀಲನೆಯಲ್ಲಿ ಸಿಕ್ಕಿಕೊಳ್ಳುವವರು ನೀವು.

ಕಾಗದ ಪತ್ರ: ಇಲ್ಲೇ ಹೆಚ್ಚು ಜನ ಎಡವುವುದು

ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿಯಲ್ಲಿ ಅರ್ಜಿ ಕೊಡಿ. ಗ್ರಾಮ ಒನ್ ಕೇಂದ್ರದಲ್ಲೂ ಹಾಕಬಹುದು. ಗ್ರಾಮ ಆಡಳಿತಾಧಿಕಾರಿಯ (ಹಿಂದಿನ ಗ್ರಾಮ ಲೆಕ್ಕಿಗರ) ವರದಿ, ಕಂದಾಯ ನಿರೀಕ್ಷಕರ ಪರಿಶೀಲನೆ ದಾಟಿ ತಹಶೀಲ್ದಾರರ ಸಹಿಯಾಗಿ ಬರಲು ದಿನ ಹಿಡಿಯುತ್ತದೆ. ಪಿಯುಸಿ ಫಲಿತಾಂಶ ಬಂದ ವಾರವೇ ಹಾಕಿಬಿಟ್ಟರೆ ನೆಮ್ಮದಿ. ಜಮೀನು, ಕೂಲಿ, ಅಂಗಡಿ, ಸಂಬಳ ಎಲ್ಲ ಸೇರಿದ ಆದಾಯವನ್ನು ಇದ್ದಹಾಗೆ ಹೇಳಿ. ಪತ್ರ ಕೈಗೆ ಬಂದ ಕೂಡಲೇ ಅದರ ಮೇಲಿನ ಆರ್‌ಡಿ ಸಂಖ್ಯೆಯನ್ನು ಫೋನಿನಲ್ಲಿ ಬರೆದಿಟ್ಟುಕೊಳ್ಳಿ, ರಾಜ್ಯದ ಯಾವ ಅರ್ಜಿಗಾದರೂ ಅದೇ ಬೇಕು.

ನಮ್ಮ ಹುಡುಗಿಯ ಬಳಿ ಆದಾಯ ಪತ್ರ ಇತ್ತು. ಸಿಕ್ಕಿಕೊಂಡದ್ದು ಹೆಸರಿನಲ್ಲಿ. ಅಂಕಪಟ್ಟಿಯಲ್ಲಿ ಹೆಸರಿನ ಕೊನೆಗೆ ಇನಿಷಿಯಲ್ ಒಂದೇ ಅಕ್ಷರ, ಆಧಾರ್‌ನಲ್ಲಿ ಅದೇ ಜಾಗದಲ್ಲಿ ಅಪ್ಪನ ಪೂರ್ತಿ ಹೆಸರು. ಕರ್ನಾಟಕದ ಮಕ್ಕಳಿಗೆ ಇದು ದಿನನಿತ್ಯದ ಗೋಳು. ಊರ ಹೆಸರು, ಅಪ್ಪನ ಹೆಸರು, ಮನೆತನದ ಹೆಸರು ಯಾವುದು ಎಲ್ಲಿ ಎಂದು ಒಂದೊಂದು ದಾಖಲೆಯಲ್ಲಿ ಒಂದೊಂದು ಥರ. ನಾಲ್ಕು ದಿನ ಅಲೆದು ಅವಳು ಆಧಾರ್ ತಿದ್ದುಪಡಿ ಮಾಡಿಸಿದಳು. ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಪಿಯುಸಿ ಅಂಕಪಟ್ಟಿ, ಆಧಾರ್, ಪಾಸ್‌ಬುಕ್ ನಾಲ್ಕನ್ನೂ ಮೇಜಿನ ಮೇಲೆ ಹರಡಿ ಅಕ್ಷರ ಅಕ್ಷರ ಹೋಲಿಸಿ ನೋಡಿ. ಇದನ್ನು ಏಪ್ರಿಲ್‌, ಮೇ ತಿಂಗಳಲ್ಲೇ ಮಾಡಿದರೆ ಅಲೆದಾಟ ತಪ್ಪುತ್ತದೆ.

ಬ್ಯಾಂಕಿನದ್ದು ಇನ್ನೊಂದು. ಖಾತೆಗೆ ಆಧಾರ್ ಕೊಟ್ಟಿದ್ದೇನೆ ಎಂದರೆ ಸಾಲದು, ನೇರ ಜಮಾವಣೆಗೆ ಎನ್‌ಪಿಸಿಐ (ರಾಷ್ಟ್ರೀಯ ಪಾವತಿ ನಿಗಮ) ಪಟ್ಟಿಯಲ್ಲಿ ಆ ಖಾತೆ ಜೋಡಣೆಯಾಗಿರಬೇಕು. ಎರಡು ಮೂರು ಬ್ಯಾಂಕಿನಲ್ಲಿ ಖಾತೆ ಇದ್ದರೆ ಹಣ ಹೋಗುವುದು ಕೊನೆಗೆ ಜೋಡಣೆಯಾದ ಖಾತೆಗೆ. ಸಿಮ್ ಕೊಂಡಾಗ ತೆರೆದು ಮರೆತೇಬಿಟ್ಟಿದ್ದ ಪೇಮೆಂಟ್ಸ್ ಬ್ಯಾಂಕ್ ಖಾತೆಗೆ ಹಣ ಹೋಗಿ, ವರ್ಷವಿಡೀ ‘ಬಂದಿಲ್ಲ’ ಎಂದು ಅತ್ತವರನ್ನು ನೋಡಿದ್ದೇನೆ. ಮೈಆಧಾರ್ ಜಾಲತಾಣದಲ್ಲಿ ‘ಬ್ಯಾಂಕ್ ಸೀಡಿಂಗ್ ಸ್ಟೇಟಸ್’ ಒತ್ತಿದರೆ ಯಾವ ಬ್ಯಾಂಕ್ ಎಂದು ಕಾಣುತ್ತದೆ. ಒಟಿಪಿ ಬರುವ ಮೊಬೈಲ್ ನಂಬರ್ ಮನೆಯಲ್ಲೇ ಇರುವವರದ್ದಾಗಿರಲಿ.

ಅರ್ಜಿ

ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ (ಎನ್‌ಎಸ್‌ಪಿ) ಮೊದಲು ಒಂದು ಬಾರಿಯ ನೋಂದಣಿ, ಅಂದರೆ ಒಟಿಆರ್ ಮಾಡಿಕೊಳ್ಳಬೇಕು. ಆಧಾರ್ ಆಧಾರಿತ ಮುಖ ದೃಢೀಕರಣ ಮುಗಿದ ಮೇಲೆ ಸಂಖ್ಯೆ ಸಿಗುತ್ತದೆ. ಓದು ಮುಗಿಯುವವರೆಗೂ ಅದೇ ಸಂಖ್ಯೆ. ಬಳಿಕ ಕೋರ್ಸ್, ಕಾಲೇಜು, ಅಂಕ, ಆದಾಯ ತುಂಬಿ. ಕಾಲೇಜಿನ ಹೆಸರು ಆರಿಸುವಾಗ ಜಿಲ್ಲೆ ನೋಡಿಕೊಳ್ಳಿ, ಒಂದೇ ಹೆಸರಿನ ಕಾಲೇಜುಗಳು ಬೇಕಾದಷ್ಟಿವೆ. ಅಂಚೆ ಶಿಕ್ಷಣದವರಿಗೆ, ಡಿಪ್ಲೊಮಾದವರಿಗೆ ಈ ಯೋಜನೆ ಇಲ್ಲ.

‘ಸಬ್ಮಿಟ್’ ಒತ್ತಿದರೆ ಅರ್ಧ ಕೆಲಸವಷ್ಟೇ ಆಯಿತು. ಅರ್ಜಿಯ ಪ್ರಿಂಟ್ ಮತ್ತು ದಾಖಲೆಗಳನ್ನು ಕಾಲೇಜಿನ ನೋಡಲ್ ಅಧಿಕಾರಿಗೆ ಕೊಟ್ಟು, ಅವರು ಪೋರ್ಟಲ್‌ನಲ್ಲಿ ದೃಢೀಕರಿಸುವವರೆಗೂ ಬೆನ್ನು ಬಿಡಬೇಡಿ. ಸಂಕೋಚ ಬೇಡ, ಅದು ಅವರ ಕರ್ತವ್ಯ. ಕಾಲೇಜಿನ ಹಂತ ಮುಗಿದ ಮೇಲೆ ಇನ್ನೊಂದು ಹಂತದ ಪರಿಶೀಲನೆ ಇರುತ್ತದೆ. ಎಲ್ಲಾದರೂ ‘ಡಿಫೆಕ್ಟಿವ್’ ಎಂದು ವಾಪಸ್ ಬಂದರೆ ಅದು ತಿರಸ್ಕಾರವಲ್ಲ, ತಿದ್ದಿ ಮತ್ತೆ ಕಳಿಸಿ ಎಂದರ್ಥ. ತಿದ್ದಲು ಗಡುವು ಇರುವುದರಿಂದ ವಾರಕ್ಕೊಮ್ಮೆಯಾದರೂ ಲಾಗಿನ್ ಆಗಿ ಸ್ಥಿತಿ ನೋಡಿ.

ಎರಡನೇ ವರ್ಷ

ಆ ಹುಡುಗಿಯ ಅರ್ಜಿ ಕೊನೆಯ ದಿನಕ್ಕೆ ಎರಡು ದಿನ ಮುಂಚೆ ಸೇರಿತು, ಹಣವೂ ಬಂತು. ಮರುವರ್ಷ ಅವಳೇ ಕಿಟಕಿಗೆ ಬಂದು ‘ಮೇಡಂ, ಈ ಸಲ ತಾನಾಗೇ ಬರುತ್ತಾ?’ ಎಂದು ಕೇಳಿದಳು. ಬರುವುದಿಲ್ಲ. ಪ್ರತಿವರ್ಷ ನವೀಕರಣದ ಅರ್ಜಿ ಹಾಕಬೇಕು, ಹಿಂದಿನ ವರ್ಷ ಶೇ 50 ಅಂಕ ಮತ್ತು ಶೇ 75 ಹಾಜರಾತಿ ಇರಬೇಕು. ಅಂಕದ ಚಿಂತೆ ಅವಳಿಗಿರಲಿಲ್ಲ. ನಾಟಿ ಸಮಯದಲ್ಲಿ ಗದ್ದೆಗೆ ಹೋಗಿ ಕ್ಲಾಸು ತಪ್ಪಿಸಿದ್ದರಿಂದ ಹಾಜರಾತಿ ಎಪ್ಪತ್ತಾರಕ್ಕೆ ಬಂದು ನಿಂತಿತ್ತು. ಅಲ್ಲೇ ಕಿಟಕಿ ಪಕ್ಕದ ಬೆಂಚಿನಲ್ಲಿ ಕೂತು, ಮೊಬೈಲಿನಲ್ಲಿ ಒಟಿಆರ್ ಸಂಖ್ಯೆ ಹುಡುಕಿ, ನವೀಕರಣದ ಅರ್ಜಿಯನ್ನು ತಾನೇ ತುಂಬಿದಳು. ಜೊತೆಗೆ ಬಂದಿದ್ದ ಮೊದಲ ವರ್ಷದ ಇಬ್ಬರು ಹುಡುಗಿಯರಿಗೆ ಪರ್ಸೆಂಟೈಲ್ ಎಂದರೇನೆಂದು ಹೇಳಿಕೊಡುತ್ತಿದ್ದಳು.