ಚಿಗರಿ ಬಸ್ಸಿನಲ್ಲಿ ಒಂದು ಪುಟ

ಧಾರವಾಡದ ಜುಬಿಲಿ ಸರ್ಕಲ್ಲಿನಲ್ಲಿ ಬೆಳಿಗ್ಗೆ ಚಿಗರಿ ಬಸ್ ಹತ್ತಿದರೆ ಹುಬ್ಬಳ್ಳಿಯ ಹೊಸೂರಿನಲ್ಲಿ ಇಳಿಯುವ ಹೊತ್ತಿಗೆ ಹೆಚ್ಚುಕಡಿಮೆ ಮುಕ್ಕಾಲು ತಾಸು. ನಾನು ಕತೆ ಬರೆಯುವುದು ಆ ಮುಕ್ಕಾಲು ತಾಸಿನಲ್ಲೇ. ಈ ದಾರಿ ಸಿಕ್ಕಿದ್ದು ಒಂದು ಸಲ ಸರಿಯಾಗಿ ಸೋತ ಮೇಲೆ.

ಒಂದೇ ತಿಂಗಳಲ್ಲಿ 50,000 ಪದಗಳ ಕಾದಂಬರಿ ಬರೆದು ಮುಗಿಸುವ 'ನ್ಯಾನೋರೈಮೋ' ಎಂಬ ಸವಾಲು ಅಮೆರಿಕದಲ್ಲಿ 1999ರಲ್ಲಿ ಶುರುವಾದದ್ದು. ನವೆಂಬರಿನ ಮೂವತ್ತು ದಿನಕ್ಕೆ ಹಂಚಿದರೆ ದಿನಕ್ಕೆ 1,667 ಪದ. ನಾನೂ ಅದೇ ಲೆಕ್ಕ ಹಿಡಿದು ಕೂತೆ. ಆ ಲೆಕ್ಕ ಇಂಗ್ಲಿಷಿನದು ಎಂಬುದು ಹೊಳೆಯಲೇ ಇಲ್ಲ. ನಮ್ಮಲ್ಲಿ ವಿಭಕ್ತಿ, ಕಾಲ, ನಿಷೇಧ ಎಲ್ಲ ಪದದ ಬಾಲಕ್ಕೇ ಅಂಟುತ್ತವೆ. 'ಹೋಗಬೇಕಾಗಿತ್ತಂತೆ' ಎಂದು ಬರೆದರೆ ಲೆಕ್ಕಕ್ಕೆ ಒಂದೇ ಪದ. ಇಂಗ್ಲಿಷಿನಲ್ಲಿ ಅಷ್ಟು ಹೇಳಲು ಐದಾರು ಬೇಕು. ರಾತ್ರಿ ಹನ್ನೊಂದಾದರೂ ನನ್ನ ಎಣಿಕೆ ಎಂಟುನೂರು ದಾಟುತ್ತಿರಲಿಲ್ಲ. ಒಂಬತ್ತನೇ ದಿನ ಅವ್ವನಿಗೆ ಜ್ವರ ಬಂತು. ಎರಡು ದಿನ ತಪ್ಪಿತು. ಮೂರನೇ ದಿನ, ಹಿಂದಿನ ಬಾಕಿ ಬಿಟ್ಟೇ, ನನ್ನ ತಲೆಯ ಮೇಲೆ 5,001 ಪದಗಳ ಸಾಲ. ಆವತ್ತು ಮುಚ್ಚಿದ ಪುಸ್ತಕ ಯುಗಾದಿಯವರೆಗೆ ತೆರೆಯಲಿಲ್ಲ.

ಯುಗಾದಿಗೆ ಗುರಿ ಬದಲಿಸಿದೆ. ವಾರಕ್ಕೆ ಐದು ದಿನ, ದಿನಕ್ಕೆ ನೋಟ್‌ಬುಕ್ಕಿನ ಒಂದು ಮಗ್ಗಲು, ಅದೂ ಬಸ್ಸಿನಲ್ಲೇ. ತಪ್ಪಿದ ದಿನದ ಬಾಕಿ ಮರುದಿನಕ್ಕೆ ಬರಕೂಡದು. ನನ್ನನ್ನು ಉಳಿಸಿದ್ದು ಈ ಕೊನೆಯ ಕರಾರು. ಚಿಗರಿಗೆ ಅದರದೇ ಪಥ ಇರುವುದರಿಂದ ಕುಲುಕಾಟ ಕಡಿಮೆ. ಪೆನ್ಸಿಲ್ ಹಿಡಿದರೆ ಅಕ್ಷರ ಓದುವಂತಿರುತ್ತವೆ.

ಬರೆಯಲು ಏನೂ ಹೊಳೆಯದ ದಿನಗಳಿಗೆಂದು ಇನ್ನೊಂದು ಸಣ್ಣ ಪುಸ್ತಕ ಇಟ್ಟಿದ್ದೇನೆ. ಮೇಲೆ 'ಕಂಡದ್ದು' ಎಂದು ಬರೆದಿದೆ. ಮಲಗುವ ಮುಂಚೆ ಅದರಲ್ಲಿ ಒಂದೇ ಸಾಲು: ಅಂದು ಕಣ್ಣಿಗೆ ಬಿದ್ದದ್ದು, ನನ್ನ ಅಭಿಪ್ರಾಯ ಬೆರೆಸದೆ. ಒಂದು ದಿನದ ಸಾಲು ಹೀಗಿದೆ: 'ನವಲೂರಿನಲ್ಲಿ ಹತ್ತಿದ ಅಜ್ಜಿ ಪೇರಲ ಬುಟ್ಟಿಗೆ ಒದ್ದೆ ಸೀರೆಯ ತುಂಡು ಹೊದಿಸಿದ್ದಳು; ಬ್ರೇಕ್ ಬಿದ್ದಾಗಲೆಲ್ಲ ಮಗುವಿನ ತಲೆಗೆ ಹಿಡಿದಂತೆ ಕೈ ಅಡ್ಡ ಹಿಡಿದಳು.' ಮೂರು ವಾರ ಅದು ಸುಮ್ಮನೆ ಬಿದ್ದಿತ್ತು. ಆಮೇಲೆ ಅದರಿಂದಲೇ ಹನ್ನೊಂದು ಪುಟದ ಕತೆ ಎದ್ದಿತು. ಸ್ಫೂರ್ತಿ ಎಂದು ನಾನು ಕಾಯುತ್ತಿದ್ದದ್ದು ಇಂಥ ಸಾಲಿಗೇ ಇರಬೇಕು.

ಭಾನುವಾರ ವಾರದ ಪುಟಗಳನ್ನು ಅವ್ವನಿಗೆ ಗಟ್ಟಿಯಾಗಿ ಓದುತ್ತೇನೆ. ಆ ಕತೆಯಲ್ಲಿ 'ಅಜ್ಜಿ ಮೌನವಾಗಿ ಕಣ್ಣೀರು ಸುರಿಸಿದಳು' ಎಂದು ಬರೆದಿದ್ದೆ. ಸೊಪ್ಪು ಸೋಸುತ್ತಿದ್ದ ಅವ್ವ ಕೈ ನಿಲ್ಲಿಸಿ, "ಅಕಿ ಅಳಕೋತ ಕೂತರ ಬುಟ್ಟಿ ಯಾರು ಹಿಡೀತಾರ?" ಅಂದಳು. ಸಾಲು ಹೊಡೆದುಹಾಕಿದೆ, ಕೈಯನ್ನು ಉಳಿಸಿಕೊಂಡೆ.

ದೀಪಾವಳಿ ವಿಶೇಷಾಂಕದ ಸ್ಪರ್ಧೆಗೂ ಅದನ್ನೇ ಕಳಿಸಿದೆ. ಬಹುಮಾನ ಬರಲಿಲ್ಲ. ಆದರೆ ಕೊನೆಯ ದಿನಾಂಕ ಎಂಬುದೊಂದು ಇದ್ದದ್ದರಿಂದ ಕತೆ ಮುಗಿಯಿತು. ಆ ಯುಗಾದಿಯಿಂದ ಈಚೆಗೆ ನಾಲ್ಕು ಕತೆ ಪೂರ್ತಿಯಾಗಿವೆ. ಐದನೆಯದರ ನಾಯಕಿ ಉಣಕಲ್ ಕೆರೆಯ ದಂಡೆಯ ಮೇಲೆ ಮೂರು ದಿನದಿಂದ ನಿಂತೇ ಇದ್ದಾಳೆ. ನಾಳೆ ಟೋಲ್ ನಾಕಾ ದಾಟುವುದರೊಳಗೆ ಅವಳ ಬಾಯಿಂದ ಮೊದಲ ಮಾತು ಆಡಿಸಬೇಕು.